ಹಿಂದಿನ ಚಕ್ರದ ಆಕ್ಸಲ್

ಜೂನ್ 3

ತಮ್ಮನಿಗೆ ಅಕ್ಕನ ಆಶೀರ್ವಾದ.

ನೀನು ಈ ಸಾಲು ಓದುತ್ತಿದ್ದೀಯ ಅಂದರೆ ಕವರು ಒಡೆದಿದ್ದೀಯ. ಅಷ್ಟಕ್ಕೇ ದೇವರಿಗೆ ಕೈ ಮುಗಿದೆ.

ನಿನ್ನ ಭಾವ ಹೋದ ಮೇಲೆ ನಾನು ಅಮ್ಮನ ಜೊತೆಗೇ ಇರುವುದು ನಿನಗೆ ಗೊತ್ತಿರಬೇಕು. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಕೆಲಸ. ಹರಿದ ಹೊದಿಕೆ, ದಿಂಬಿನ ಚೀಲ, ಡಾಕ್ಟರ ಕೋಟಿನ ಗುಂಡಿ, ಎಲ್ಲ ನಮ್ಮ ಕೈಗೇ ಬರುತ್ತವೆ. ಆಸ್ಪತ್ರೆ ಊರಿನ ಆ ತುದಿ, ಮನೆ ಈ ತುದಿ. ಸೈಕಲ್ ಇಲ್ಲದಿದ್ದರೆ ಕೆಲಸವಿಲ್ಲ. ಈಗ ಅದರ ಚೈನು ದಿನಾ ಬೀಳುತ್ತಿದೆ. ನಮ್ಮ ಬೀದಿಯ ರಿಪೇರಿಯವನು ಅಂಗಡಿ ಮುಚ್ಚಿ ಪ್ಲಾಸ್ಟಿಕ್ ಬಕೆಟ್ ಮಾರಲು ಶುರುಮಾಡಿದ್ದಾನೆ. ಯಾಕಪ್ಪಾ ಅಂದರೆ, "ಬಕೆಟ್ ಒಡೆದ್ರೆ ಜನ ಬಕೆಟ್ಟನ್ನ ಬೈತಾರಕ್ಕ, ಸೈಕಲ್ ಕೆಟ್ರೆ ನನ್ನನ್ನ ಬೈತಾರೆ" ಅಂದ.

ನೀನು ಬಿಟ್ಟುಹೋದ ಸೈಕಲ್ ರಿಪೇರಿ ಸಾಮಾನಿನ ಪೆಟ್ಟಿಗೆ ಅಟ್ಟದ ಮೇಲಿತ್ತು, ಇಳಿಸಿಕೊಂಡೆ. ಇಷ್ಟು ವರ್ಷಕ್ಕೆ ಪಾನಾಗಳೆಲ್ಲ ತುಕ್ಕು ಹಿಡಿದಿರಬೇಕಿತ್ತು. ಒಂದಕ್ಕೂ ಹಿಡಿದಿಲ್ಲ, ಎಣ್ಣೆ ಒರೆಸಿದ ಹಾಗಿದೆ. ಯಾರು ಒರೆಸಿದ್ದು ಅಂತ ನಾನು ಅಮ್ಮನನ್ನು ಕೇಳಲಿಲ್ಲ. ಯಾವ ಪಾನಾ ಯಾವುದಕ್ಕೆ ಅಂತ ನನಗೆ ತಿಳಿಯದು. ಬರೆದು ತಿಳಿಸು.

ಇನ್ನೊಂದು ವಿಷಯ. ಅಮ್ಮನಿಗೆ ಚೆನ್ನಾಗಿಲ್ಲ. ಕಾಲು ಊದುತ್ತದೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಹೃದಯ ದೊಡ್ಡದಾಗಿದೆ ಅಂತ ಡಾಕ್ಟರು ಹೇಳಿದರು. "ಈಗಲಾದ್ರೂ ನಂದು ದೊಡ್ಡ ಹೃದಯ ಅಂತ ಒಬ್ರು ಒಪ್ಕೊಂಡ್ರಲ್ಲ" ಅಂದಳು ಅಮ್ಮ. ಅವಳು ನಕ್ಕಳು, ಡಾಕ್ಟರು ನಗಲಿಲ್ಲ. ನನ್ನನ್ನು ಹೊರಗೆ ಕರೆದು, ಯಾರಿಗಾದರೂ ಹೇಳಿಕಳಿಸುವುದಿದ್ದರೆ ಕಳಿಸಿ ಅಂದರು. ನಮಗೆ ಇರುವುದು ನೀನೊಬ್ಬ. ಒಂದು ಸಲ ಬಂದು ಹೋಗು.

ನಿನ್ನ ಅಕ್ಕ


ಜೂನ್ 15

ಅಕ್ಕನಿಗೆ,

ಚೈನು ಬೀಳುವುದು ಚೈನಿನ ತಪ್ಪಲ್ಲ. ತುಳಿದು ತುಳಿದು ಅದು ಉದ್ದವಾಗುತ್ತದೆ. ಹಿಂದಿನ ಚಕ್ರದ ಎರಡು ಕಡೆಯ ನಟ್ಟನ್ನೂ ಸಡಿಲ ಮಾಡಿ ಚಕ್ರವನ್ನು ಸ್ವಲ್ಪ ಹಿಂದಕ್ಕೆ ಎಳೆ. ಎರಡೂ ಕಡೆ ಸಮನಾಗಿ ಬರಬೇಕು, ಇಲ್ಲದಿದ್ದರೆ ಟೈರು ಫ್ರೇಮಿಗೆ ಉಜ್ಜುತ್ತದೆ. ಚೈನನ್ನು ನಡುವೆ ಬೆರಳಿನಿಂದ ಎತ್ತಿದರೆ ಬೆರಳಿನ ದಪ್ಪದಷ್ಟು ಆಡಬೇಕು. ಎಲ್ಲರೂ ಮಾಡುವ ತಪ್ಪು ಒಂದೇ, ಬಿಗಿ ಮಾಡುವುದನ್ನೇ ರಿಪೇರಿ ಅಂದುಕೊಳ್ಳುತ್ತಾರೆ. ಬಿಗಿಯಾದ ಚೈನು ಹರಿಯುತ್ತದೆ.

ಎಣ್ಣೆ ಹಾಕಿ ಬಟ್ಟೆಯಿಂದ ಒರೆಸು. ಒಳಗೆ ಇಳಿದದ್ದು ಸಾಕು, ಮೇಲೆ ಉಳಿದದ್ದು ಧೂಳು ಹಿಡಿಯುತ್ತದೆ. ಆ ನಟ್ಟಿಗೆ ಬೇಕಾದದ್ದು ಹಿಡಿಗೆ ದಾರ ಸುತ್ತಿದ ಪಾನಾ.

ತಮ್ಮ


ಜೂನ್ 27

ತಮ್ಮನಿಗೆ ಆಶೀರ್ವಾದ.

ನೀನು ಹೇಳಿದ ಹಾಗೇ ಮಾಡಿದೆ. ಮೊದಲ ಸಲ ಚಕ್ರ ಓರೆಯಾಗಿ ಕೂತು ಆಸ್ಪತ್ರೆಯವರೆಗೂ ಕರಕರ ಅಂದಿತು. ಎರಡನೆಯ ಸಲ ಸರಿಹೋಯಿತು. ಉಗುರಿನ ಸಂದಿಯ ಮಸಿ ಎಷ್ಟು ತೊಳೆದರೂ ಹೋಗದೆ, ಬಿಳಿ ಹೊದಿಕೆಯ ಮೇಲೆ ನನ್ನ ಹೆಬ್ಬೆರಳು ಅಚ್ಚೊತ್ತಿದ ಹಾಗೆ ಮೂಡಿತು. ಹೊಲಿಗೆ ಕೋಣೆಯ ಮೇಲಿನವಳು, "ಇದೇನು, ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದೀಯಾ?" ಅಂದಳು. ಮನೆಗೆ ಬಂದರೆ ಅಮ್ಮ ಬೇರೆ. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿಂದು ಕೈ ಮಸಿ ಆಗಿದೆ. ಬಾಯಿ ಏನಾಗುತ್ತೋ ಕಾಣೆ."

ಸೈಕಲ್ಲಿನ ಚೈನಿನ ಬಗ್ಗೆ ಅಷ್ಟು ಬರೆದೆ, ಹೆತ್ತವಳ ಬಗ್ಗೆ ಒಂದು ಅಕ್ಷರ ಬರೆಯಲಿಲ್ಲ. ಬಿಡು, ನಾನೇ ಬರೆಯುತ್ತೇನೆ. ನೀನು ಮನೆ ಬಿಟ್ಟಾಗ ನಾನು ಇಲ್ಲಿರಲಿಲ್ಲ, ಗಂಡನ ಮನೆಯಲ್ಲಿದ್ದೆ. ಆಮೇಲೆ ಅಮ್ಮನ ಬಾಯಲ್ಲಿ ಒಂದು ಕೇಳಿದೆ, ನಿನ್ನ ಬಾಯಲ್ಲಿ ಇನ್ನೊಂದು ಕೇಳಿದೆ. ಎದುರುಮನೆಯ ಬೇಕರಿಯವರು ಸೈಕಲ್ ತಂದಾಗ ಬ್ರೇಕಿನ ವಯರು ಬದಲಾಯಿಸಲೇಬೇಕು ಅಂತ ನೀನು ಹೇಳಿದೆಯಂತೆ. ಈಗ ಬಿಗಿ ಮಾಡಿಕೊಡು ಸಾಕು, ಮುಂದೆ ನೋಡೋಣ ಅಂದರಂತೆ ಅವರು. ಇಳಿಜಾರಿನಲ್ಲಿ ವಯರು ಹರಿಯಿತು, ಅವರು ಗೋಡೆಗೆ ಬಡಿದರು, ಕಾಲು ಹೋಯಿತು. ಇದು ನಿನ್ನ ಮಾತು. ಅಮ್ಮನ ಮಾತು ಏನೆಂದರೆ, ವಯರು ಬದಲಾಯಿಸಬೇಕು ಅಂತ ನೀನು ಹೇಳಿದ್ದನ್ನು ಯಾರೂ ಕೇಳಿಸಿಕೊಂಡಿಲ್ಲ, ರಿಪೇರಿ ಮಾಡಿದ ಕೈ ನಿನ್ನದು. ಅದಕ್ಕೇ ನಡುಬೀದಿಯಲ್ಲಿ ಬೇಕರಿಯವರ ಹೆಂಡತಿಯ ಕಾಲಿಗೆ ಬಿದ್ದು, ನನ್ನ ಮಗ ತಪ್ಪು ಮಾಡಿದ ಕ್ಷಮಿಸಿ ಅಂದಳು. ನೀನು ತಪ್ಪು ಮಾಡಿಲ್ಲ ಅಂದದ್ದಕ್ಕೆ, ನಿನ್ನ ಬದಲು ಕಲ್ಲು ಹುಟ್ಟಿದ್ದರೆ ಬಟ್ಟೆ ಒಗೆಯಲಿಕ್ಕಾದರೂ ಆಗುತ್ತಿತ್ತು ಅಂದಳು.

ಆ ಮಾತು ತಾಯಿ ಆಡಬಾರದಿತ್ತು. ಆದರೆ ಈಗ ಅವಳು ಮಂಚದಿಂದ ಬಾಗಿಲಿಗೆ ಬರಲು ಗೋಡೆ ಹಿಡಿಯುತ್ತಾಳೆ. ದೇವರು ಅವಳಿಗೆ ಎಷ್ಟು ದಿನ ಕೊಟ್ಟಿದ್ದಾನೋ. ನಿನ್ನನ್ನು ನೋಡದೆ ಅವಳು ಹೋಗಬಾರದು. ನನಗೆ ಬೇಕಾದ್ದು ಅಷ್ಟೇ.

ಎಡಗಡೆಯ ಪೆಡಲು ಸಡಿಲವಾಗಿದೆ. ಎಷ್ಟು ತಿರುಗಿಸಿದರೂ ಇನ್ನೂ ಸಡಿಲವಾಗುತ್ತದೆ. ಒಂದೇ ಕಡೆ ಮತ್ತೆ ಮತ್ತೆ ಪಂಚರಾಗುತ್ತಿದೆ.

ನಿನ್ನ ಅಕ್ಕ


ಜುಲೈ 9

ಅಕ್ಕನಿಗೆ,

ಎಡ ಪೆಡಲಿನ ತಿರುಪು ಉಲ್ಟಾ ಇರುತ್ತದೆ. ಬೇರೆಲ್ಲ ಬಲಕ್ಕೆ ತಿರುಗಿಸಿದರೆ ಬಿಗಿಯಾದರೆ ಇದೊಂದು ಎಡಕ್ಕೆ ತಿರುಗಿಸಿದರೆ ಬಿಗಿ. ನೀನು ಬಿಗಿ ಮಾಡುತ್ತೇನೆ ಅಂದುಕೊಂಡು ಬಿಚ್ಚುತ್ತಿದ್ದೀಯ.

ಒಂದೇ ಕಡೆ ಪಂಚರು ಆಗುತ್ತಿದ್ದರೆ ಟ್ಯೂಬಿಗೆ ಪ್ಯಾಚು ಹಾಕಿ ಉಪಯೋಗವಿಲ್ಲ. ಚುಚ್ಚಿದ್ದು ಟೈರಿನೊಳಗೇ ಕೂತಿದೆ. ಟೈರಿನ ಒಳಮೈಯನ್ನು ಬರಿಗೈಯಿಂದ ಸವರು, ನಿಧಾನವಾಗಿ. ಸಿಗುತ್ತದೆ.

ಅಮ್ಮನ ವಿಷಯ. ನಾನು ಮನೆ ಬಿಟ್ಟ ಎರಡನೆಯ ವರ್ಷ ಅಮ್ಮ ಸಾಯುವ ಹಾಗಿದ್ದಾಳೆ ಅಂತ ಕಾಗದ ಬಂತು. ಹಗಲು ರಾತ್ರಿ ರೈಲಿನಲ್ಲಿ ನಿಂತುಕೊಂಡು ಬಂದೆ. ಬಂದರೆ ಜಗಲಿಯ ಮೇಲೆ ಕೂತು ಕಾಳು ಆರಿಸುತ್ತಿದ್ದಳು. "ಹಾಗೆ ಬರೆಸದಿದ್ರೆ ನೀನು ಬರ್ತಿದ್ಯಾ?" ಅಂದಳು. ಬೇಕರಿಯವರ ಮನೆಗೆ ಹೋಗಿ ನನ್ನ ಬಾಯಿಂದಲೇ ತಪ್ಪಾಯಿತು ಅಂತ ಹೇಳಿಸಬೇಕಿತ್ತು ಅವಳಿಗೆ. ಅದಕ್ಕೆ ಕರೆಸಿದ್ದು. ಚಪ್ಪಲಿ ಬಿಡದೆ ವಾಪಸು ಹೋದೆ.

ಇನ್ನು ಈ ವಿಷಯ ಬರೆಯಬೇಡ. ಸೈಕಲ್ಲಿನದು ಏನಾದರೂ ಇದ್ದರೆ ಬರೆ, ಉತ್ತರ ಕೊಡುತ್ತೇನೆ.

ತಮ್ಮ


ಜುಲೈ 30

ತಮ್ಮನಿಗೆ ಆಶೀರ್ವಾದ.

ಸೈಕಲ್ಲಿನದೇ ಬರೆಯುತ್ತಿದ್ದೇನೆ.

ಟೈರಿನೊಳಗೆ ಸಣ್ಣ ತಂತಿಯ ಚೂರು ಸಿಕ್ಕಿತು. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಕ್ಕಿತು. ಪೆಡಲೂ ಬಿಗಿಯಾಯಿತು. ಆ ಸಂತೋಷ ನಾಲ್ಕು ದಿನ ಇರಲಿಲ್ಲ, ಮಳೆನೀರು ತುಂಬಿದ ಗುಂಡಿಗೆ ಇಳಿಸಿಬಿಟ್ಟೆ. ಹಿಂದಿನ ಚಕ್ರ ಬೆಂಡಾಗಿದೆ. ಸಡಿಲ ಅನ್ನಿಸಿದ ಕಡ್ಡಿಗಳನ್ನೆಲ್ಲ ಕೂತು ಬಿಗಿ ಮಾಡಿದೆ, ಬೆಂಡು ಇನ್ನೂ ಜಾಸ್ತಿಯಾಯಿತು. ನಾನು ಓಲಾಡುತ್ತಾ ತುಳಿದುಕೊಂಡು ಹೋಗುವುದನ್ನು ಮೂಲೆಮನೆ ಅಜ್ಜಿ ಬಾಗಿಲಲ್ಲಿ ನಿಂತು ನೋಡಿ, "ನೀನು ನೆಟ್ಟಗೇ ಕೂತಿದೀಯ ಕಣೇ, ಸೈಕಲ್ಲೇ ಕುಡಿದಿರಬೇಕು" ಅಂದಳು.

ನೀನು ಹೇಳಿದ ಮೇಲೆ ಆ ವಿಷಯ ಬರೆಯುವುದಿಲ್ಲ. ನಾನು ಸೈಕಲ್ಲನ್ನು ತಲೆಕೆಳಗು ಮಾಡಿ ಚಕ್ರ ತಿರುಗಿಸುವಾಗ ಯಾರು ಮಂಚದ ಮೇಲೆ ಒರಗಿ ಕೂತು, "ಎಡಕ್ಕೆ ಹೋಯ್ತು, ಈಗ ಬಲಕ್ಕೆ, ಅಗೋ ಮತ್ತೆ ಎಡಕ್ಕೆ" ಅಂತ ಹೇಳುತ್ತಿದ್ದರು ಅಂತಲೂ ಬರೆಯುವುದಿಲ್ಲ.

ಬೆಂಡು ತೆಗೆಯುವುದು ಹೇಗೆ?

ನಿನ್ನ ಅಕ್ಕ


ಆಗಸ್ಟ್ 12

ಅಕ್ಕನಿಗೆ,

ನಿನ್ನ ಕಾಗದ ಗೋದಾಮಿನ ಗೇಟಿನಲ್ಲಿ ಕೂತು ಓದಿದೆ. ಇಲ್ಲಿ ನನ್ನದು ಕಾವಲು ಕೆಲಸ. ಬರುವ ಲಾರಿ ಹೋಗುವ ಲಾರಿ ನೋಡುತ್ತಾ ಕೂತಿರುವುದು. ಕುಡಿದ ಸೈಕಲ್ ಓದಿ ಒಬ್ಬನೇ ನಕ್ಕೆ. ಲಾರಿಯವನು ನನಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಬೆಂಡು ತೆಗೆಯುವುದನ್ನು ಕಾಗದದಲ್ಲಿ ಕಲಿಸಿದವರು ಯಾರೂ ಇಲ್ಲ, ನೋಡೋಣ. ಕಡ್ಡಿಗಳು ಒಂದು ಬಿಟ್ಟು ಒಂದು ಎಡಕ್ಕೂ ಬಲಕ್ಕೂ ಎಳೆಯುತ್ತಿರುತ್ತವೆ. ಆ ಜಗಳದಲ್ಲೇ ಚಕ್ರ ನೆಟ್ಟಗೆ ನಿಂತಿರುವುದು. ರಿಮ್ಮು ಎಡಕ್ಕೆ ವಾಲಿದರೆ ಆ ಜಾಗದ ಎಡದ ಕಡ್ಡಿಯನ್ನು ಮೊದಲು ಸಡಿಲ ಮಾಡು, ಆಮೇಲೆ ಬಲದ್ದನ್ನು ಅಷ್ಟೇ ಬಿಗಿ ಮಾಡು. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಚಕ್ರ ತಿರುಗಿಸಿ ನೋಡು, ಮತ್ತೆ ಕಾಲು ಸುತ್ತು. ಬೇಸರ ಬಂದರೆ ಎದ್ದು ಹೋಗು. ಸಿಟ್ಟಿನಲ್ಲಿ ಕಡ್ಡಿ ಮುಟ್ಟಬಾರದು. ಸರಿಯಾದಾಗ ಕಡ್ಡಿಗಳನ್ನು ಉಗುರಿನಿಂದ ಮೀಟಿದರೆ ಹೆಚ್ಚು ಕಡಿಮೆ ಒಂದೇ ನಾದ ಬರುತ್ತದೆ.

ಇಲ್ಲಿಗೆ ಬಂದ ಮೇಲೆ ನಾನು ಸೈಕಲ್ ಮುಟ್ಟಿಲ್ಲ. ಗೇಟಿನ ಹತ್ತಿರ ಯಾರದಾದರೂ ಚೈನು ಬಿದ್ದರೆ ಬೇರೆ ಕಡೆ ನೋಡುತ್ತೇನೆ. ನಿನಗೆ ಬರೆಯುವಾಗ ಮಾತ್ರ ಕೈಗೆ ಅದೆಲ್ಲ ನೆನಪಾಗುತ್ತದೆ.

ಎಡಕ್ಕೆ ಬಲಕ್ಕೆ ಅಂತ ಹೇಳಿದವರು ರಾತ್ರಿ ಊಟ ಮಾಡುತ್ತಾರಾ?

ತಮ್ಮ


ಆಗಸ್ಟ್ 26

ತಮ್ಮನಿಗೆ ಅಕ್ಕನ ತುಂಬು ಆಶೀರ್ವಾದ.

ಊಟ ಮಾಡುತ್ತಾಳೆ, ಎರಡು ತುತ್ತು. ಉಪ್ಪು ಹಾಕಬಾರದು ಅಂದಿದ್ದಾರೆ. "ಉಪ್ಪಿಲ್ಲದ ಊಟ ಮಾಡಿ ಬದುಕೋದಕ್ಕಿಂತ ಉಪ್ಪು ತಿಂದು ನೀರು ಕುಡಿಯೋದೇ ವಾಸಿ" ಅಂತಾಳೆ. ನಿನ್ನ ಕಾಗದ ಓದಿ ಹೇಳಿದೆ. ಕೊನೆಯ ಸಾಲನ್ನು ಎರಡು ಸಲ ಓದಿಸಿದಳು. ಆ ದಿನ ಮೂರು ತುತ್ತು ತಿಂದಳು.

ಬೆಂಡು ಹೋಯಿತು. ಎರಡು ಸಂಜೆ ಹಿಡಿಯಿತು.

ಈಗ ಇನ್ನೊಂದು ತೊಂದರೆ ಬಂದಿದೆ. ಹಿಂದಿನ ಚಕ್ರದ ಆಕ್ಸಲ್ ಮುರಿದಿದೆ. ಹೋದ ಶುಕ್ರವಾರ ಮನೆಗೆ ಬರುವಾಗ ಟಕ್ ಅಂತ ಸದ್ದಾಯಿತು, ಇಳಿದು ನೋಡಿದರೆ ಮುರಿದಿತ್ತು. ಅದನ್ನು ಹೇಗೆ ಬದಲಾಯಿಸುವುದು, ಯಾವ ಅಳತೆಯದು ತರುವುದು, ಒಳಗಿನ ಗುಂಡುಗಳನ್ನೂ ಹೊಸದು ಹಾಕಬೇಕಾ, ಎಲ್ಲ ವಿವರವಾಗಿ ಬರೆ. ನೀನು ಬರೆಯುವವರೆಗೆ ನಾನು ಅದಕ್ಕೆ ಕೈ ಹಾಕುವುದಿಲ್ಲ.

ಭಾನುವಾರ ಬೆಳಿಗ್ಗೆ ಅಮ್ಮನಿಗೆ ಉಸಿರು ಸಿಕ್ಕಿಕೊಂಡಿತು. ಯಾವ ಗಾಡಿಯೂ ಸಿಗಲಿಲ್ಲ. ಕ್ಯಾರಿಯರ್ ಮೇಲೆ ದಿಂಬು ಹಾಕಿ ಅವಳನ್ನು ಕೂರಿಸಿ, ಹೊದಿಕೆಯಿಂದ ನನ್ನ ಸೊಂಟಕ್ಕೆ ಕಟ್ಟಿಕೊಂಡು ಆಸ್ಪತ್ರೆಗೆ ತುಳಿದೆ. ಬೆನ್ನಿಗೆ ಅವಳ ಎದೆ ಬಡಿದುಕೊಳ್ಳುವುದು ಗೊತ್ತಾಗುತ್ತಿತ್ತು. ಸೂಜಿ ಚುಚ್ಚಿ ನೀರು ಇಳಿಸಿ ಕಳಿಸಿದರು. ಇನ್ನು ಹೆಚ್ಚು ದಿನ ಇಲ್ಲ ಅಂತ ಡಾಕ್ಟರು ಈ ಸಲ ಅವಳ ಮುಂದೆಯೇ ಹೇಳಿದರು. ತಮ್ಮಾ, ಬಾ.

ನಿನ್ನ ಅಕ್ಕ


ಸೆಪ್ಟೆಂಬರ್ 6

ಅಕ್ಕನಿಗೆ,

ಹಿಂದಿನ ಆಕ್ಸಲ್ ಮುರಿದರೆ ಚಕ್ರ ಓರೆಯಾಗಿ ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಖಾಲಿ ಸೈಕಲ್ಲನ್ನೇ ತಳ್ಳಲು ಆಗುವುದಿಲ್ಲ, ಹಿಂದೆ ಎತ್ತಿಕೊಂಡು ಬರಬೇಕು. ಶುಕ್ರವಾರ ಮುರಿದ ಆಕ್ಸಲ್ಲಿಗೆ ನೀನು ಕೈ ಹಾಕಿಲ್ಲ ಅಂತೀಯ. ಭಾನುವಾರ ಅದೇ ಸೈಕಲ್ ಮೇಲೆ ಇಬ್ಬರು ಊರಿನ ಆ ತುದಿಗೆ ಹೋದಿರಿ ಅಂತೀಯ.

ಅಮ್ಮ ಹೇಳಿಕೊಟ್ಟಳಾ, ಅಥವಾ ನೀನೇ ಕಲಿತೆಯಾ?

ನಾನು ರಜೆ ಬರೆದುಕೊಟ್ಟಿದ್ದೆ. ಇವತ್ತು ಬೆಳಿಗ್ಗೆ ಹೋಗಿ ವಾಪಸು ತೆಗೆದುಕೊಂಡೆ.

ತಮ್ಮ


ಸೆಪ್ಟೆಂಬರ್ 14

ತಮ್ಮಾ,

ಆಕ್ಸಲ್ ಮುರಿದಿಲ್ಲ. ಅದು ಸುಳ್ಳು. ಉಳಿದದ್ದೆಲ್ಲ ನಿಜ.

ಬೆಂಡು ತೆಗೆದ ಮೇಲೆ ಸೈಕಲ್ಲಿನಲ್ಲಿ ಯಾವ ತೊಂದರೆಯೂ ಉಳಿದಿರಲಿಲ್ಲ. ಸೈಕಲ್ಲಿನದು ಇದ್ದರೆ ಬರೆ ಅಂತ ನೀನು ಹೇಳಿದ್ದೆ. ಏನೂ ಇಲ್ಲದಿದ್ದರೆ ನೀನು ಉತ್ತರ ಬರೆಯುವುದಿಲ್ಲ ಅಂತ ಹೆದರಿದೆ. ಇನ್ನೇನು ಕೆಡಬಹುದು ಅಂತ ಬಕೆಟ್ಟಿನವನನ್ನು ಕೇಳಿದೆ. "ಆಕ್ಸಲ್ ಮುರಿಯೋದು ಇದೆಯಲ್ಲಕ್ಕ" ಅಂದ. ಮುರಿದರೆ ಸೈಕಲ್ ನಡೆಯುವುದಿಲ್ಲ ಅಂತ ಅವನೂ ಹೇಳಲಿಲ್ಲ, ನನಗೂ ತಿಳಿಯಲಿಲ್ಲ. ನಾನು ಕೇಳದಿದ್ದರೂ ನೀನು ಬರುವವನಿದ್ದೆ ಅಂತ ನನಗೆ ಹೇಗೆ ಗೊತ್ತಾಗಬೇಕು?

ಅಮ್ಮನಿಗೆ ಇದರಲ್ಲಿ ಏನೂ ತಿಳಿಯದು. ನೀನು ಬರೆದದ್ದನ್ನು ನಾನು ಅವಳಿಗೆ ಓದಿ ಹೇಳಿಲ್ಲ. ತಮ್ಮ ಏನು ಬರೆದ ಅಂತ ಕೇಳಿದಳು. ಕಾಗದ ಬಂದಿಲ್ಲ ಅಂದೆ. ಅದು ಎರಡನೆಯ ಸುಳ್ಳು. ದಿನಾ ಕೈ ಮುಗಿಯುವ ದೇವರ ಎದುರಿಗೇ ನಿಂತು ಹೇಳಿದ್ದು. ಅವನ ಹತ್ತಿರ ನನ್ನ ಲೆಕ್ಕ ನಾನು ತೀರಿಸಿಕೊಳ್ಳುತ್ತೇನೆ. ಅವಳ ಉಸಿರು ಮಾತ್ರ ಸುಳ್ಳಲ್ಲ. ನನ್ನನ್ನು ಏನು ಬೇಕಾದರೂ ಅನ್ನು, ಬಂದು ಅನ್ನು.

ನಿನ್ನ ಅಕ್ಕ


ಅಕ್ಟೋಬರ್ 11

ತಮ್ಮನಿಗೆ,

ನಿನ್ನಿಂದ ಉತ್ತರವಿಲ್ಲ. ಆದರೂ ಬರೆಯುತ್ತಿದ್ದೇನೆ.

ಅಮ್ಮ ಈಗ ಮಲಗುವುದಿಲ್ಲ. ಮಲಗಿದರೆ ಉಸಿರು ಕಟ್ಟುತ್ತದೆ. ಗೋಡೆಗೆ ದಿಂಬು ಒಟ್ಟಿ ಕೂತೇ ನಿದ್ದೆ ಮಾಡುತ್ತಾಳೆ. ನಾನು ಸೈಕಲ್ಲನ್ನು ಅವಳ ಕೋಣೆಗೇ ತಂದುಕೊಂಡು ಕೆಲಸ ಮಾಡುತ್ತೇನೆ, ಅವಳಿಗೂ ಹೊತ್ತು ಹೋಗುತ್ತದೆ.

ಭಾನುವಾರ ಮುಂದಿನ ಬ್ರೇಕಿನ ವಯರು ತೆಗೆದೆ. ಹೊರಗಿನ ಕೊಳವೆ ಹೊಸದರ ಹಾಗೇ ಇತ್ತು. ಒಳಗಿನ ವಯರು ಎಳೆದರೆ ಹಿಡಿಯ ಹತ್ತಿರ ಎಳೆಗಳೆಲ್ಲ ಹರಿದು ಹುಲ್ಲಿನ ಹಾಗೆ ಕೆದರಿಕೊಂಡು ಬಂತು, ಎರಡು ಎಳೆ ಮಾತ್ರ ಹಿಡಿದಿದ್ದವು. ಅದರ ಮೇಲೇ ನಾನು ಇಷ್ಟು ದಿನ ಇಳಿಜಾರು ಇಳಿದಿದ್ದೇನೆ. ಅಮ್ಮ ಕೈ ಚಾಚಿ, "ಕೊಡಿಲ್ಲಿ" ಅಂದಳು. ತುಂಬ ಹೊತ್ತು ನೋಡಿದಳು. ಆಮೇಲೆ ಒಂದು ಮಾತು ಹೇಳಿದಳು. ಅದನ್ನು ನಿನಗೆ ಬರೆಯಬೇಡ ಅಂದಳು. ನೀನು ಬಂದರೆ ಅವಳೇ ನಿನ್ನ ಮುಖ ನೋಡಿ ಹೇಳುತ್ತಾಳಂತೆ.

ಬರೆಯುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ. ಆದರೆ ಅದು ನೀನು ಕೇಳಬೇಕಾದ ಮಾತು. ಬೇಗ ಬಾ.

ನಿನ್ನ ಅಕ್ಕ


ಅಕ್ಟೋಬರ್ 22

ಅಕ್ಕನಿಗೆ,

ಒಂದು ಮಾತಿದೆ, ಬಂದರೆ ಹೇಳುತ್ತೇವೆ. ಹುಲ್ಲಿನ ಕಂತೆ ತೋರಿಸಿ ಕರುವನ್ನು ಕರೆಯುವುದೂ ಹೀಗೇ. ಮಾತು ಇರುವುದು ನಿಜವಾದರೆ ಬರೆದು ಕಳಿಸು. ಇಲ್ಲದಿದ್ದರೆ ಬಿಟ್ಟುಬಿಡು.

ಬ್ರೇಕಿನ ಕಥೆ ಹಿಡಿದು ನನ್ನ ಹತ್ತಿರ ಬರಬಾರದಿತ್ತು ನೀನು.

ತಮ್ಮ


ನವೆಂಬರ್ 8

ತಮ್ಮನಿಗೆ,

ಅಮ್ಮ ಹೋದಳು. ಬುಧವಾರ ಮಧ್ಯಾಹ್ನ, ಕೂತಲ್ಲೇ. ನಾನು ಪಕ್ಕದಲ್ಲಿ ದಿಂಬಿನ ಚೀಲ ಹೊಲಿಯುತ್ತಿದ್ದೆ. ಕಣ್ಣು ಮುಚ್ಚಿದ್ದಳು, ನಿದ್ದೆ ಅಂದುಕೊಂಡೆ. ಚೀಲ ಮುಗಿಸಿ ನೋಡಿದರೆ ತಣ್ಣಗಾಗಿದ್ದಳು. ಬೀದಿಯವರು ಬಂದು ಎತ್ತಿಕೊಂಡು ಹೋದರು. ಮಗ ಇರಬೇಕಾದ ಕಡೆ ಬಕೆಟ್ಟಿನವನು ನಿಂತ.

ನಿನ್ನ ಕಾಗದ ಅದಕ್ಕೆ ಮೊದಲೇ ಬಂದಿತ್ತು. ಓದಿ ಹೇಳಿದೆ, ಈ ಸಲ ಒಂದು ಅಕ್ಷರವನ್ನೂ ಮುಚ್ಚಲಿಲ್ಲ. ಬರೆದುಬಿಡಲೇ ಅಂತ ಕೇಳಿದೆ. "ಬೇಡ. ಅವನನ್ನ ಬೈದಿದ್ದು ಬೀದಿಯಲ್ಲಿ, ಎಲ್ಲರ ಎದುರಿಗೆ. ಈಗ ಕಾಗದದಲ್ಲಿ ಕದ್ದು ಹೇಳ್ಲಾ? ಬರ್ಲಿ. ಬೀದಿ ಬಾಗ್ಲಲ್ಲೇ ನಿಲ್ಸಿ ಹೇಳ್ತೀನಿ" ಅಂದಳು. ಅವಳ ಹಟ ನಿನಗೆ ಗೊತ್ತಲ್ಲ. ನಿನ್ನದೂ ಅದೇ.

ಈಗ ಅವಳಿಲ್ಲ. ಕೊಟ್ಟ ಮಾತಿನಿಂದ ನನಗೆ ಬಿಡುಗಡೆಯಾಯಿತೋ ಇಲ್ಲವೋ ತಿಳಿಯದು, ಬರೆಯುತ್ತೇನೆ.

ಆ ಹರಿದ ವಯರನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು. ಎಳೆಯೊಂದು ಬೆರಳಿಗೆ ಚುಚ್ಚಿತು. ಬೆರಳು ಬಾಯಿಗಿಟ್ಟುಕೊಂಡು ಕೇಳಿದಳು.

"ಇದು ಹೊರಗಿಂದ ನೋಡಿದ್ರೆ ಗೊತ್ತಾಗಲ್ವಾ?"

"ಗೊತ್ತಾಗಲ್ಲಮ್ಮ."

"ಇದನ್ನ ಬಿಗಿ ಮಾಡಿದ್ರೆ?"

"ಇನ್ನೂ ಬೇಗ ಹರಿಯುತ್ತೆ. ಬದಲಾಯಿಸಲೇಬೇಕು."

ಆಮೇಲೆ ಹೇಳಿದಳು. "ಹಾಗಾದ್ರೆ ಅವನು ಹೇಳಿದ್ದೇ ನಿಜ ಕಣೇ. ಅವನ ಕೈ ತಪ್ಪಿರಲಿಲ್ಲ. ನಾನೇ ತಪ್ಪು ಮಾಡಿದೆ. ಹೆತ್ತ ಮಗನನ್ನ ನಂಬದೆ ಕಂಡೋರ ಕಾಲಿಗೆ ಬಿದ್ದೆ."

ಇಷ್ಟೇ. ನಾನು ಒಂದು ಮಾತು ಸೇರಿಸಿಲ್ಲ, ಒಂದು ಮಾತು ಬಿಟ್ಟಿಲ್ಲ. ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ. ಬೇಕರಿಯವರು ಊರು ಬಿಟ್ಟು ಎಷ್ಟೋ ಕಾಲವಾಯಿತು, ನೀನು ವಯರಿನ ಮಾತು ಹೇಳಿದ್ದು ನಿಜವಾ ಅಂತ ಅವರನ್ನಾದರೂ ಹೋಗಿ ಕೇಳೋಣ ಅಂದರೆ ಎಲ್ಲಿದ್ದಾರೋ.

ನಿನ್ನ ಅಕ್ಕ


ನವೆಂಬರ್ 25

ಅಕ್ಕನಿಗೆ,

ಅಮ್ಮ ಹೋದದ್ದನ್ನು ನಂಬಿದೆ. ಸಾವಿನ ವಿಷಯದಲ್ಲಿ ನೀನು ಹಾಗೆ ಮಾಡುವವಳಲ್ಲ. ಕಾಗದ ಬಂದ ದಿನ ರೈಲ್ವೆ ಸ್ಟೇಷನ್ನಿಗೆ ಹೋದೆ. ಟಿಕೆಟ್ಟಿನ ಸಾಲಿನಲ್ಲಿ ನಿಂತೆ. ನನ್ನ ಸರದಿ ಬಂದಾಗ ಎಲ್ಲಿಗೆ ಅಂತ ಕೇಳಿದರು. ಹೋಗಿ ಯಾರನ್ನು ನೋಡುವುದು ಅನ್ನಿಸಿ ಸಾಲು ಬಿಟ್ಟು ಬಂದೆ.

ನಾನು ರಜೆ ವಾಪಸು ತೆಗೆದುಕೊಳ್ಳದೆ ಇದ್ದಿದ್ದರೆ ಅವಳನ್ನು ನೋಡುತ್ತಿದ್ದೆ. ಅದನ್ನು ನಾನು ಇಟ್ಟುಕೊಳ್ಳುತ್ತೇನೆ, ನಿನ್ನ ಮೇಲೆ ಹೊರಿಸುವುದಿಲ್ಲ.

ಅವಳು ಹೇಳಿದಳು ಅಂತ ನೀನು ಬರೆದ ಮಾತನ್ನು ದಿನಾ ತೆಗೆದು ಓದುತ್ತೇನೆ. ಆ ಮಾತು ಕೇಳಬೇಕು ಅಂತ ಇಷ್ಟು ವರ್ಷ ಕಾದಿದ್ದೆ, ಅದು ನಿನಗೂ ಗೊತ್ತಿತ್ತು. ಆದರೆ ತಪ್ಪು ಮಾಡಿದೆ ಅನ್ನುವುದನ್ನು ನಾನು ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ಕೇಳಿಲ್ಲ. ಅಪ್ಪನಿಗೆ ಹೇಳಲಿಲ್ಲ, ದೇವರಿಗೂ ಹೇಳಿರಲಿಕ್ಕಿಲ್ಲ. ವಯರು ಬೆರಳಿಗೆ ಚುಚ್ಚಿತು, ಬೆರಳು ಬಾಯಿಗಿಟ್ಟುಕೊಂಡಳು ಅಂತ ಬರೆದಿದ್ದೀಯ. ಆಕ್ಸಲ್ ಮುರಿದಾಗಲೂ ಟಕ್ ಅಂತ ಸದ್ದಾಯಿತು ಅಂತ ಬರೆದಿದ್ದೆ.

ಸಿಟ್ಟಿನಿಂದ ಹೇಳುತ್ತಿಲ್ಲ. ತಮ್ಮನಿಗೆ ಸಮಾಧಾನವಾಗಲಿ ಅಂತ ಬರೆದಿದ್ದೀಯ. ನಿನ್ನ ಜಾಗದಲ್ಲಿ ನಾನಿದ್ದಿದ್ದರೂ ಹಾಗೇ ಬರೆಯುತ್ತಿದ್ದೆ. ನೀನು ಒಳ್ಳೆಯವಳು.

ಚೈನು, ಪಂಚರು, ಬೆಂಡು, ಬ್ರೇಕು, ಎಲ್ಲ ಕಲಿತೆ. ಇನ್ನು ನನ್ನನ್ನು ಕೇಳಬೇಕಾದ್ದು ಏನೂ ಉಳಿದಿಲ್ಲ. ಮೈ ನೋಡಿಕೋ.

ತಮ್ಮ


ಫೆಬ್ರವರಿ 2

ತಮ್ಮನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂದ ಮೇಲೆ ಇದು ನಾನು ಬರೆಯುತ್ತಿರುವ ಮೂರನೆಯ ಕಾಗದ. ಹಿಂದಿನ ಎರಡಕ್ಕೂ ನೀನು ಬರೆಯಲಿಲ್ಲ. ಆಣೆ ಇಟ್ಟು ಬರೆದೆ, ಅತ್ತು ಬರೆದೆ. ಸುಳ್ಳು ಹೇಳುವವಳೂ ಆಣೆ ಇಡುತ್ತಾಳೆ, ಅಳುತ್ತಾಳೆ. ಅದಕ್ಕೇ ಇನ್ನು ಆ ಮಾತು ಬರೆಯುವುದಿಲ್ಲ. ನೀನು ನಂಬಲಿ ಅಂತ ಬೇಡಿಕೊಳ್ಳುವುದನ್ನೂ ಬಿಟ್ಟಿದ್ದೇನೆ. ದೇವರ ಮುಂದೆ ಕೂತರೆ ಕೇಳಲು ಏನೂ ತೋಚುವುದಿಲ್ಲ, ಸುಮ್ಮನೆ ಕೂತು ಏಳುತ್ತೇನೆ.

ಇವತ್ತು ರಜೆ. ಸೈಕಲ್ಲನ್ನು ಅಮ್ಮನ ಕೋಣೆಯಲ್ಲಿ ತಲೆಕೆಳಗು ನಿಲ್ಲಿಸಿ, ಏನಾದರೂ ಕೆಟ್ಟಿದೆಯಾ ಅಂತ ಒಂದೊಂದಾಗಿ ನೋಡಿದೆ. ಚೈನು ಬೆರಳಿನಷ್ಟು ಆಡುತ್ತದೆ. ಪೆಡಲು ಬಿಗಿಯಾಗಿದೆ. ಟೈರಿನೊಳಗೆ ಏನೂ ಇಲ್ಲ. ಚಕ್ರ ತಿರುಗಿಸಿ ಬಿಟ್ಟೆ, ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಸಂಜೆಯವರೆಗೆ ಹುಡುಕಿದೆ ತಮ್ಮಾ. ನಿನಗೆ ಬರೆಯುವಂಥದ್ದು ಒಂದೂ ಸಿಗಲಿಲ್ಲ.

ನಿನ್ನ ಅಕ್ಕ